ಸಿಡುಕು ಹಿರಿಯರು ಮನೆಯಲ್ಲಿದ್ದಾಗ: ಕಾನೂನು ನಿಮ್ಮಿಂದ ಕೇಳುವುದೇನು, ಕೇಳದಿರುವುದೇನು

ನಮ್ಮ ದೊಡ್ಡಪ್ಪ ಕೊನೆಯ ಆರು ವರ್ಷ ನಮ್ಮ ಮನೆಯಲ್ಲೇ ಇದ್ದರು. ಮಕ್ಕಳಿರಲಿಲ್ಲ. ದೊಡ್ಡಮ್ಮ ಮೊದಲೇ ತೀರಿಕೊಂಡಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು, ಪಂಚೆ ಸರಿ ಮಾಡಿಕೊಂಡು, "ಆಫೀಸಿಗೆ ಹೊತ್ತಾಯ್ತು" ಎಂದು ಗೇಟು ತೆಗೆಯುತ್ತಿದ್ದರು. ತಡೆದರೆ ಕೈ ಎತ್ತುತ್ತಿದ್ದರು. ಬೆಳಿಗ್ಗೆ ಎದುರುಮನೆಯವರ ಹತ್ತಿರ "ಇವರು ನನಗೆ ಊಟ ಹಾಕಲ್ಲ" ಎಂದು ದೂರು. ಕೊನೆಗೆ ನಾವು ಒಂದು ಚಿಲಕ ತಂದು ಅವರ ಕೋಣೆಯ ಬಾಗಿಲಿಗೆ ಹೊರಗಿನಿಂದ ಹಾಕಿದೆವು. ಅವತ್ತು ಅದು ಕಾಳಜಿ ಅನ್ನಿಸಿತ್ತು. ವಿಷಯ ಕೇಳಿದ ವೈದ್ಯರು, "ಒಳಗೆ ಬೆಂಕಿ ಹತ್ತಿಕೊಂಡರೆ ಯಾರು ತೆಗೀತೀರಿ? ಅದಿರಲಿ, ಇದು ಅಪರಾಧ ಅಂತ ಗೊತ್ತಾ?" ಎಂದರು. ಗೊತ್ತಿರಲಿಲ್ಲ.

ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎಂದು ಕಾನೂನು ಎಲ್ಲೂ ಹೇಳುವುದಿಲ್ಲ. ಅವರನ್ನು ಪ್ರೀತಿಸಿ ಎಂದೂ ಹೇಳುವುದಿಲ್ಲ. ಊಟ, ಬಟ್ಟೆ, ಸೂರು, ಔಷಧ ತಪ್ಪಿಸಬೇಡಿ, ಕೂಡಿಹಾಕಬೇಡಿ, ಬಿಟ್ಟುಹೋಗಬೇಡಿ, ಅವರ ದುಡ್ಡು ಮುಟ್ಟಬೇಡಿ ಎನ್ನುತ್ತದೆ. ಕೇಸು ಹಾಕಿಸಿಕೊಳ್ಳುವ ಕುಟುಂಬಗಳಲ್ಲಿ ಎಲ್ಲರೂ ಕೆಟ್ಟವರಲ್ಲ. ಸುಸ್ತಾಗಿ, ತಿಳಿಯದೆ ಈ ಗೆರೆ ದಾಟಿದವರೂ ಇದ್ದಾರೆ.

ಹೆಜ್ಜೆ 1: ಅವರು ನಿಮಗೆ ಏನಾಗಬೇಕು ಎಂದು ನೋಡಿ

ಎಲ್ಲ ಹಿರಿಯರ ಮೇಲೂ ನಿಮಗೆ ಒಂದೇ ಬಗೆಯ ಹೊಣೆ ಇರುವುದಿಲ್ಲ. ಇಲ್ಲಿ ಮುಖ್ಯವಾದದ್ದು 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಜೀವನಾಂಶ ಮತ್ತು ಕಲ್ಯಾಣ ಕಾಯ್ದೆ. 60 ದಾಟಿದವರು ಇದರ ಪ್ರಕಾರ ಹಿರಿಯ ನಾಗರಿಕರು. ತಂದೆ ತಾಯಿಗಾದರೆ ವಯಸ್ಸಿನ ಲೆಕ್ಕವೂ ಇಲ್ಲ. ಹೆತ್ತವರು, ದತ್ತು ತೆಗೆದುಕೊಂಡವರು, ಮಲತಂದೆ, ಮಲತಾಯಿ ಎಲ್ಲರೂ ಸೇರುತ್ತಾರೆ.

ಹೊಣೆ ಹೊರಬೇಕಾದವರು ಯಾರು? ವಯಸ್ಕ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಮದುವೆಯಾದ ಮಗಳೂ ಸೇರಿ. "ನನಗೆ ಅಪ್ಪ ಏನೂ ಬರೆದುಕೊಟ್ಟಿಲ್ಲ, ಎಲ್ಲ ತಮ್ಮನಿಗೇ ಕೊಟ್ಟರು" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಕ್ಕಳ ಹೊಣೆಗೂ ಆಸ್ತಿಗೂ ಈ ಕಾಯ್ದೆ ಗಂಟು ಹಾಕಿಲ್ಲ. "ಅವರ ಬಾಯಿ ಸರಿ ಇಲ್ಲ" ಎನ್ನುವ ಕಾರಣವೂ ಅಷ್ಟೇ. ಅವರ ಸ್ವಂತ ದುಡಿಮೆ, ಪಿಂಚಣಿ, ಆಸ್ತಿಯಿಂದ ಅವರ ಬದುಕು ನಡೆಯುತ್ತದೋ ಇಲ್ಲವೋ ಎನ್ನುವುದೇ ಇಲ್ಲಿನ ಪ್ರಶ್ನೆ. ಒಳ್ಳೆಯ ಪಿಂಚಣಿ ಬರುವ ಅಪ್ಪ ತಿಂಗಳ ಹಣ ಕೇಳಿದರೆ ಆ ಲೆಕ್ಕ ಬೇರೆ.

ಸೊಸೆ, ಅಳಿಯ ಈ ಪಟ್ಟಿಯಲ್ಲಿ ಇಲ್ಲ. ಅವರನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಆದರೆ ಕಾನೂನಾಗಲಿಲ್ಲ. ನಮ್ಮ ಮನೆಗಳಲ್ಲಿ ನಿಜವಾಗಿ ಬೆಡ್‌ಪ್ಯಾನ್ ಎತ್ತುವವಳು ಸೊಸೆ. ಕಾಗದದಲ್ಲಿ ಹೊಣೆ ಇರುವುದು ಮಗನ ಮೇಲೆ. ಗಂಡಂದಿರು ಇದನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.

ಮಕ್ಕಳಿಲ್ಲದ ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ ಮನೆಯಲ್ಲಿದ್ದರೆ? ಆಗ ಹೊಣೆ ಬರುವುದು ವಾರಸುದಾರರಿಗೆ. ಅಂದರೆ ಅವರ ಆಸ್ತಿ ಈಗಾಗಲೇ ಕೈಯಲ್ಲಿರುವ ಅಥವಾ ಅವರ ನಂತರ ಆಸ್ತಿ ಪಡೆಯುವ ವಯಸ್ಕರಿಗೆ, ಅದೂ ಅವರಿಗೆ ಸಾಕಷ್ಟು ಅನುಕೂಲ ಇದ್ದರೆ. ವಾರಸುದಾರರು ಹಲವರಿದ್ದರೆ ಯಾರಿಗೆ ಎಷ್ಟು ಪಾಲೋ ಅದೇ ಲೆಕ್ಕದಲ್ಲಿ ಖರ್ಚಿನ ಪಾಲು. ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಾನೂ ನನ್ನ ಸೋದರತ್ತೆಯ ಮಗನೂ ಸಮಾನ ವಾರಸುದಾರರು. ಅವನು ಆರು ವರ್ಷದಲ್ಲಿ ಬಂದದ್ದು ನಾಲ್ಕು ಸಲ.

ಇನ್ನೊಂದು ಬಗೆ ಇದೆ. ಮಕ್ಕಳು ಬೇರೆಲ್ಲೋ ಇದ್ದಾರೆ, ಅತ್ತೆಯೋ ಚಿಕ್ಕಮ್ಮನೋ ನಿಮ್ಮಲ್ಲಿದ್ದಾರೆ. ಅವರ ಜೀವನಾಂಶದ ಹೊಣೆ ಅವರ ಮಕ್ಕಳದ್ದು. ಆದರೆ "ಹಾಗಾದರೆ ನನಗೇನೂ ಸಂಬಂಧ ಇಲ್ಲ" ಎನ್ನುವ ಹಾಗಿಲ್ಲ. ಇದೇ 2007ರ ಕಾಯ್ದೆಯ 24ನೇ ಸೆಕ್ಷನ್ ರಕ್ತಸಂಬಂಧ ನೋಡುವುದಿಲ್ಲ. ಹಿರಿಯರೊಬ್ಬರ ಆರೈಕೆ ಯಾರ ಕೈಯಲ್ಲಿದೆಯೋ ಅವರು ಪೂರ್ತಿ ಕೈಬಿಡುವ ಉದ್ದೇಶದಿಂದ ಅವರನ್ನು ಎಲ್ಲಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೊಸೆಗೂ ಇದು ಅನ್ವಯ, ಅಳಿಯನಿಗೂ, ದೂರದ ನೆಂಟರಿಗೂ. ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದು. ಜಾಮೀನು ಸಿಗುತ್ತದೆ.

ಇದಲ್ಲದೆ ಎರಡು ದಾರಿಗಳಿವೆ. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆ ತಾಯಿ ಮ್ಯಾಜಿಸ್ಟ್ರೇಟ್ ಹತ್ತಿರ ಜೀವನಾಂಶ ಕೇಳಬಹುದು. ಮೊದಲು ಇದು ಸಿಆರ್‌ಪಿಸಿಯ, ಅಂದರೆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ, 125ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್. 2007ರ ಕಾಯ್ದೆ ಇಲ್ಲವೇ ಇದು, ಒಂದನ್ನು ಆರಿಸಿಕೊಳ್ಳಬೇಕು. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಕೂಡ ಇದೆ.

ಹೆಜ್ಜೆ 2: ಸ್ವಭಾವವೋ ಕಾಯಿಲೆಯೋ, ವೈದ್ಯರಿಂದ ತಿಳಿದುಕೊಳ್ಳಿ

ಇದನ್ನು ಕಾನೂನಿನ ಬರಹದಲ್ಲಿ ಯಾಕೆ ಹಾಕಿದೆ ಎನ್ನಿಸಬಹುದು. ಮುಂದಿನ ಎಲ್ಲ ಹೆಜ್ಜೆಗಳೂ ನಿಂತಿರುವುದು ಇದರ ಮೇಲೆ.

"ವಯಸ್ಸಾಯ್ತು, ಅರಳುಮರಳು" ಎಂದು ಸುಮ್ನೆ ಬಿಡಬೇಡಿ. ಎರಡು ಮೂರು ದಿನದಲ್ಲಿ ದಿಢೀರ್ ಎಂದು ಗೊಂದಲ, ಕೋಪ, ಇಲ್ಲದ್ದು ಕಾಣುವುದು ಶುರುವಾದರೆ ಕಾರಣ ಮೂತ್ರದ ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಹೊಸ ಮಾತ್ರೆ ಇರಬಹುದು. ಕಿವಿ ಕೇಳದವರು ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬಂದದ್ದಾದರೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದು, ಖಿನ್ನತೆಯೂ ಇರಬಹುದು. ಇಟ್ಟ ಪರ್ಸ್ ಮರೆತು "ಸೊಸೆ ಕದ್ದಳು" ಎನ್ನುವುದು ಡಿಮೆನ್ಷಿಯಾದಲ್ಲಿ ತೀರಾ ಸಾಮಾನ್ಯ.

ಕಾಯಿಲೆ ಎಂದು ಗೊತ್ತಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಲೆಕ್ಕಕ್ಕೆ ಬರುತ್ತದೆ. ಇದು 2018ರ ಮೇ 29ರಿಂದ ಜಾರಿಯಲ್ಲಿದೆ. ಯಾವ ವಯಸ್ಕರೂ ತಮ್ಮ ಪರವಾಗಿ ಮಾತಾಡಲು ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಹೆಸರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ಮರೆವು ಇನ್ನೂ ಶುರುವಿನಲ್ಲಿದ್ದಾಗಲೇ ಇದನ್ನು ಮಾಡಿಸಿ.

ಕಾಯಿಲೆ ಇಲ್ಲ, ಬರೀ ಹಠ ಎಂದಾದರೆ? ಆಗ ಅವರು ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು. ಮಾತ್ರೆ ಬೇಡ ಎನ್ನುವ ಹಕ್ಕು ಅವರಿಗಿದೆ. ಯಾರೋ ಇಷ್ಟವಿಲ್ಲದವರಿಗೆ ದುಡ್ಡು ಕೊಡುವ ಹಕ್ಕೂ ಇದೆ. ಬೇರೆಯವರಿಗೆ ತಪ್ಪು ಎಂದು ಕಾಣುವ ನಿರ್ಧಾರ ತೆಗೆದುಕೊಂಡ ಮಾತ್ರಕ್ಕೆ ಚಿಕಿತ್ಸೆ ಬಗ್ಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದಾಗುವುದಿಲ್ಲ ಎಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ನನಗೆ ತುಂಬ ಕಷ್ಟವಾದದ್ದು ಇದನ್ನು ಒಪ್ಪಿಕೊಳ್ಳುವುದೇ.

ವೈದ್ಯರ ಚೀಟಿ, ವರದಿ ಎಲ್ಲ ಒಂದು ಫೈಲಿಗೆ ಹಾಕಿ. ನಾಳೆ "ನನಗೆ ಊಟ ಹಾಕಲ್ಲ" ಎಂಬ ದೂರು ಠಾಣೆಗೆ ಹೋದರೆ ನಿಮ್ಮ ಪರವಾಗಿ ಮಾತಾಡುವುದು ಆ ಫೈಲೇ.

ಹೆಜ್ಜೆ 3: ಕನಿಷ್ಠ ಏನು ಕೊಡಲೇಬೇಕು

ಜೀವನಾಂಶ ಎಂದರೆ ಊಟ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಈ ಕಾಯ್ದೆಯಡಿ ಹಿರಿಯರ ಅರ್ಜಿ ವಿಚಾರಿಸುವ ಟ್ರಿಬ್ಯೂನಲ್ (ನ್ಯಾಯಮಂಡಳಿ) ತಿಂಗಳಿಗೆ ಕೊಡಿಸಬಹುದಾದ ಹಣದ ಮಿತಿ 10,000 ರೂಪಾಯಿ. 2007ರಲ್ಲಿ ಇಟ್ಟ ಮಿತಿ ಇದು. ಇವತ್ತು ಒಬ್ಬ ಹೋಮ್ ನರ್ಸ್ ಸಂಬಳಕ್ಕೂ ಸಾಲದು ಎನ್ನುವುದು ಬೇರೆ ಮಾತು.

ವಾಸ ಎಂದರೆ ನಿಮ್ಮದೇ ಹಾಲ್‌ನಲ್ಲಿ, ನಿಮ್ಮ ಕಣ್ಣೆದುರಲ್ಲಿ ಎಂದು ಕಾಯ್ದೆ ಹೇಳಿಲ್ಲ. ಅಮ್ಮನಿಗೂ ಸೊಸೆಗೂ ಒಂದೇ ಸೂರಿನಡಿ ಆಗಿಬರುವುದೇ ಇಲ್ಲ ಎಂದಾದರೆ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆ ಮಾಡಿ, ಊಟ, ಔಷಧಿ, ಜನ ಎಲ್ಲ ವ್ಯವಸ್ಥೆ ಮಾಡಿದರೂ ಹೊಣೆ ನಿಭಾಯಿಸಿದ ಹಾಗೆಯೇ. ನೆಂಟರು ಏನಾದರೂ ಅನ್ನುತ್ತಾರೆ. ನೆಂಟರ ಬಾಯಿಗೆ ಸೆಕ್ಷನ್ ಇಲ್ಲ.

ಹೆಜ್ಜೆ 4: ಇವನ್ನು ಇವತ್ತೇ ನಿಲ್ಲಿಸಿ

ಕೂಡಿಹಾಕುವುದು. ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಒಬ್ಬರನ್ನು ಅಕ್ರಮವಾಗಿ ಬಂಧನದಲ್ಲಿಟ್ಟರೆ ಒಂದು ವರ್ಷದವರೆಗೆ ಜೈಲು. ದಿನಗಳು ಜಾಸ್ತಿಯಾದಂತೆ ಶಿಕ್ಷೆಯೂ ಏರುತ್ತದೆ. ರಾತ್ರಿ ಮನೆಯವರೆಲ್ಲ ಒಳಗಿದ್ದು ಮುಂಬಾಗಿಲಿಗೆ ಹಾಕುವ ಬೀಗ ಬೇರೆ, ಒಬ್ಬರನ್ನೇ ಕೋಣೆಯೊಳಗಿಟ್ಟು ಹಾಕುವ ಚಿಲಕ ಬೇರೆ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವ ಮನೆಗಳು ಎಷ್ಟೋ ಇವೆ. ಹಗಲು ಯಾರನ್ನಾದರೂ ಜೊತೆಗಿಡುವುದು ಬಿಟ್ಟು ಇದಕ್ಕೆ ಬೇರೆ ಸರಿಯಾದ ದಾರಿ ನನಗಂತೂ ಕಂಡಿಲ್ಲ. ನಾವು ಚಿಲಕ ತೆಗೆದು, ಬಾಗಿಲು ತೆರೆದರೆ ಸದ್ದಾಗುವ ಸಣ್ಣ ಬೆಲ್ ಹಾಕಿದೆವು. ದೊಡ್ಡಪ್ಪನ ಅಂಗಿಯ ಜೇಬಿಗೆ ಫೋನ್ ನಂಬರ್ ಬರೆದ ಚೀಟಿ ಹೊಲಿದೆವು. ಎದುರುಮನೆಯವರಿಗೂ ಮೂಲೆ ಅಂಗಡಿಯವರಿಗೂ ಕಾಯಿಲೆ ವಿಷಯ ಹೇಳಿದೆವು. ನಾಚಿಕೆ ಬಿಟ್ಟು ಹೇಳಿದ ದಿನದಿಂದ ಅರ್ಧ ಭಾರ ಇಳಿಯಿತು.

ಕಟ್ಟಿಹಾಕುವುದು. ಮಾನಸಿಕ ಕಾಯಿಲೆ ಇರುವವರಿಗೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂದು 2017ರ ಕಾಯ್ದೆಯ 95ನೇ ಸೆಕ್ಷನ್ ಹೇಳುತ್ತದೆ. ಸೀರೆಯ ಅಂಚಿನಿಂದ ಮಂಚಕ್ಕೆ ಕಟ್ಟುವುದು "ಬೀಳಬಾರದು ಅಂತ" ಇರಬಹುದು. ಆದರೂ ಬೇಡ. ಆಸ್ಪತ್ರೆಗಳಲ್ಲೇ ಮನೋವೈದ್ಯರ ಅಪ್ಪಣೆ, ದಾಖಲೆ ಇಲ್ಲದೆ ಅದನ್ನು ಮಾಡುವಂತಿಲ್ಲ.

ನಿದ್ದೆ ಮಾತ್ರೆ. "ಪಕ್ಕದ ಮನೆಯವರು ಕೊಟ್ಟರು, ಅರ್ಧ ಹಾಲಿಗೆ ಹಾಕಿದೆ" ಎನ್ನುವುದು ಕೇಸಿಗೂ ದಾರಿ, ಸಾವಿಗೂ ದಾರಿ. ಡಿಮೆನ್ಷಿಯಾ ಇರುವ ಹಿರಿಯರಿಗೆ ಕೆಲವು ಶಾಂತಗೊಳಿಸುವ ಔಷಧಗಳಿಂದ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚುತ್ತದೆ. ವೈದ್ಯರು ಬರೆದದ್ದು, ಬರೆದಷ್ಟು, ಅಷ್ಟೇ.

ಆಸ್ಪತ್ರೆಗೆ ಸೇರಿಸಿ ತಪ್ಪು ಫೋನ್ ನಂಬರ್ ಕೊಟ್ಟು ಬರುವುದು, ದೇವಸ್ಥಾನದ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಬಿಡುವುದು ಮೇಲೆ ಹೇಳಿದ 24ನೇ ಸೆಕ್ಷನ್‌ಗೆ ನೇರ ಉದಾಹರಣೆಗಳು. "ಒಂದು ವಾರ ತಂಗಿ ಮನೆಗೆ ಕಳಿಸಿದೆ" ಎನ್ನುವುದು ಹಾಗಲ್ಲ. ಉದ್ದೇಶ ಪೂರ್ತಿ ಕೈಬಿಡುವುದು ಆಗಿರಬೇಕು.

ಬೈಗುಳ, ಹೊಡೆತದ ಬಗ್ಗೆ ಹೇಳುವ ಅಗತ್ಯವೇ ಇಲ್ಲ, ಅಲ್ವಾ? ಒಂದನ್ನು ಮಾತ್ರ ಸೇರಿಸುತ್ತೇನೆ. ಅತ್ತೆ, ತಾಯಿ, ಅಜ್ಜಿ ಕೂಡ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬಹುದು. ಮಾತಿನ ಹಿಂಸೆ, ಹಣ ಕಿತ್ತುಕೊಳ್ಳುವುದು ಕೂಡ ಅದರಲ್ಲಿ ದೌರ್ಜನ್ಯವೇ. ಇನ್ನು ಮಾನಸಿಕ ಕಾಯಿಲೆ ಇರುವವರನ್ನು ಮನೆಯಲ್ಲಿ ಹಿಂಸಿಸುತ್ತಿದ್ದಾರೆ ಅಥವಾ ಕಡೆಗಣಿಸಿದ್ದಾರೆ ಎಂದು ಪಕ್ಕದ ಮನೆಯವರು ತಿಳಿಸಿದರೂ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡಬೇಕಾಗುತ್ತದೆ.

ಹೆಜ್ಜೆ 5: ದುಡ್ಡು, ಆಸ್ತಿ, ಸಹಿ

ಜಗಳ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಅವರ ಪಿಂಚಣಿ ಅವರದ್ದು. ಎಟಿಎಂ ಕಾರ್ಡ್ ನಿಮ್ಮ ಜೇಬಿನಲ್ಲಿದ್ದ ಮಾತ್ರಕ್ಕೆ ಅದು ಮನೆಖರ್ಚಿನ ದುಡ್ಡಾಗುವುದಿಲ್ಲ. ಅವರ ಹಣದಿಂದ ಅವರಿಗೇ ಖರ್ಚು ಮಾಡಿ, ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಮೊತ್ತ, ಯಾತಕ್ಕೆ ಎಂದು ಬರೆಯಿರಿ. ಬಿಲ್ಲನ್ನು ಅಲ್ಲೇ ಪಿನ್ ಮಾಡಿ. ಬೇಜಾರಿನ ಕೆಲಸ. ಆದರೂ ಮಾಡಿ.

ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಬರೆದುಕೊಡುವ ಜನರಲ್ ಪವರ್ ಆಫ್ ಅಟಾರ್ನಿ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. "ಅಪ್ಪ ಜಿಪಿಎ ಕೊಟ್ಟಿದ್ದಾರೆ, ಇನ್ನು ಅವರಿಗೆ ಪೂರ್ತಿ ಮರೆವು ಬಂದರೂ ತೊಂದರೆ ಇಲ್ಲ" ಎಂದು ಎಷ್ಟೋ ಜನ ನಂಬಿದ್ದಾರೆ. ನಿಜ ಉಲ್ಟಾ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗಿಯಿತು ಎಂದು 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮರೆವು ಶುರುವಿನಲ್ಲಿದ್ದಾಗಲೇ ಬ್ಯಾಂಕಿಗೆ ಹೋಗಿ. ಖಾತೆಯನ್ನು "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎನ್ನುವ ಬಗೆಯ ಜಂಟಿ ಖಾತೆ ಮಾಡಿಸಿ, ನಾಮಿನಿ ಸರಿ ಇದೆಯಾ ನೋಡಿ. ಇದು ಅವರ ಒಪ್ಪಿಗೆಯಿಂದಲೇ ಆಗಬೇಕು. ಎಫ್‌ಡಿ ಎಲ್ಲೆಲ್ಲಿದೆ ಎಂದು ಕೂಡ ಆಗಲೇ ಕೇಳಿಕೊಳ್ಳಿ.

ತಡವಾಗಿದ್ದರೆ ಕೋರ್ಟಿಗೇ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಸೀಮಿತ ಪೋಷಕರನ್ನು (ಲಿಮಿಟೆಡ್ ಗಾರ್ಡಿಯನ್) ನೇಮಿಸುವ ಅವಕಾಶ ಇದೆ. ಕೋಮಾ, ತೀವ್ರ ಡಿಮೆನ್ಷಿಯಾದಂಥ ಪ್ರಕರಣಗಳಲ್ಲಿ ಹೈಕೋರ್ಟ್‌ಗಳು ರಿಟ್ ಅರ್ಜಿಯ ಮೇಲೆ ಪೋಷಕರನ್ನು ನೇಮಿಸಿರುವುದೂ ಉಂಟು. ಇದಕ್ಕೆ ವಕೀಲರು ಬೇಕೇ ಬೇಕು.

ದಾನಪತ್ರದ ವಿಷಯ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ ಟ್ರಿಬ್ಯೂನಲ್ ಆ ವರ್ಗಾವಣೆಯನ್ನೇ ರದ್ದು ಮಾಡಬಹುದು. ಇದು 2007ರ ಕಾಯ್ದೆಯ 23ನೇ ಸೆಕ್ಷನ್. ಷರತ್ತು ಇತ್ತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ, ಈ ಕಾಯ್ದೆ ಹಿರಿಯರ ಒಳಿತಿಗಾಗಿ ಇದೆ, ಅದನ್ನು ಉದಾರವಾಗಿ ಓದಬೇಕು ಎಂದು ತಾಯಿಯೊಬ್ಬರು ಮಗನಿಗೆ ಕೊಟ್ಟ ದಾನವನ್ನು ರದ್ದು ಮಾಡಿತು. ಆಸ್ತಿ ಬರೆಸಿಕೊಂಡವರಿಗೆ ನನ್ನ ಸಲಹೆ: ನೋಂದಣಿ ಮುಗಿಯಿತು, ಇನ್ನೇನು ಎಂದು ಕೂರಬೇಡಿ.

ಮರೆವಿನ ಕಾಯಿಲೆ ಗೊತ್ತಾದ ಮೇಲೆ ವಿಲ್ ಬರೆಸಲು ಹೊರಟರೆ? ವಿಲ್ ಬರೆಯುವ ಹೊತ್ತಿನಲ್ಲಿ ಅವರಿಗೆ ತಾನು ಏನು ಮಾಡುತ್ತಿದ್ದೇನೆ ಎಂಬ ಅರಿವು ಇರಬೇಕು. ಇದೆ ಎಂದಾದರೆ ಅವತ್ತಿನದೇ ವೈದ್ಯರ ಪತ್ರ ಇಟ್ಟುಕೊಳ್ಳಿ. ಲಾಭ ಪಡೆಯುವವರು ಆ ಕೋಣೆಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಮನೆ ಯಾರದ್ದು?

ಅಪ್ಪನ ಸ್ವಂತ ದುಡಿಮೆಯ ಮನೆಯಲ್ಲಿ ನೀವಿದ್ದೀರಾ? ಹಾಗಾದರೆ ಲೆಕ್ಕ ತಿರುಗಿತು. ವಯಸ್ಕ ಮಗ ಅಂಥ ಮನೆಯಲ್ಲಿ ಇರುವುದು ತಂದೆ ತಾಯಿಯ ಕೃಪೆಯಿಂದ, ಹಕ್ಕಿನಿಂದಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಅಪ್ಪ ಟ್ರಿಬ್ಯೂನಲ್‌ಗೆ ಹೋಗಿ ನಿಮ್ಮನ್ನು ಹೊರಹಾಕಿಸಬಹುದು. ಪ್ರತಿ ಕೇಸಿನಲ್ಲೂ ಹೀಗಾಗುತ್ತದೆ ಎಂದಲ್ಲ. ಹಿರಿಯರ ರಕ್ಷಣೆಗೆ ಅದು ಅಗತ್ಯವೇ ಎಂದು ನೋಡಲಾಗುತ್ತದೆ.

ಸೊಸೆಯ ವಿಷಯ ಬೇರೆ. ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಉಪವಿಭಾಗಾಧಿಕಾರಿ ಸೊಸೆಯನ್ನು ಮನೆ ಬಿಡಿಸಲು ಆದೇಶಿಸಿದ್ದರು. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ತೆಗೆದುಹಾಕಿತು. ಹಿರಿಯರ ಕಾಯ್ದೆಯ ಚುಟುಕು ವಿಚಾರಣೆಯಿಂದ, ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಒಂದೇ ಏಟಿಗೆ ಅಳಿಸುವಂತಿಲ್ಲ, ಎರಡನ್ನೂ ತೂಗಿ ನೋಡಬೇಕು ಎಂದಿತು.

ಮನೆ ನಿಮ್ಮದೇ ಆಗಿದ್ದರೆ "ಹೊರಗೆ ನಡೆಯಿರಿ" ಎನ್ನಬಹುದಾ? ತಂದೆ ತಾಯಿಗಾದರೆ ಬೇರೆ ಸೂರು ತೋರಿಸದೆ ಎನ್ನುವಂತಿಲ್ಲ. ದೂರದ ನೆಂಟರಾದರೆ ಅವರ ಮಕ್ಕಳಿಗೆ ಬರೆದು ತಿಳಿಸಿ. ಸ್ಪಂದಿಸದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಅಥವಾ ಜಿಲ್ಲೆಯಲ್ಲಿರುವ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ಹೋಗಿ. ಬೇರೆ ವ್ಯವಸ್ಥೆ ಆಗುವವರೆಗೂ ಆರೈಕೆ ನಿಮ್ಮ ಕೈಯಲ್ಲೇ ಇರುತ್ತದೆ.

ಹೆಜ್ಜೆ 7: ಅವರೇ ಹೊಡೆದರೆ, ಬೆದರಿಸಿದರೆ

ಇದನ್ನು ಯಾರೂ ಬರೆಯುವುದಿಲ್ಲ. ಹಿರಿಯರು ಎಂದರೆ ಯಾವಾಗಲೂ ಪಾಪದವರು ಎಂದೇ ಶುರು ಮಾಡುತ್ತಾರೆ. ಆದರೆ ಕುಡಿದು ಬಂದು ಸೊಸೆಯ ಮೇಲೆ ಕೈ ಮಾಡುವ ಮಾವ ಇದ್ದಾರೆ. ಮಕ್ಕಳ ಮೇಲೆ ಬಿಸಿನೀರು ಎರಚುವ ಅಜ್ಜಿ ಇದ್ದಾರೆ. ವಯಸ್ಸು 70 ಆದ ಮಾತ್ರಕ್ಕೆ ಹೊಡೆಯುವ ಲೈಸೆನ್ಸ್ ಸಿಗುವುದಿಲ್ಲ.

ಸೊಸೆ ಮಾವನ ಮೇಲೂ ಅತ್ತೆಯ ಮೇಲೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಆ ಕ್ಷಣಕ್ಕೆ ಅಪಾಯ ಇದ್ದರೆ 112. ಮಗುವಿಗೆ ತೊಂದರೆ ಆಗುತ್ತಿದ್ದರೆ "ಅಜ್ಜ ಅಲ್ವಾ" ಎಂದು ಮುಚ್ಚಿಡಬೇಡಿ. ಮಗುವಿನ ರಕ್ಷಣೆಯೂ ನಿಮ್ಮ ಹೊಣೆಯೇ.

ಹಿಂಸೆ ಕಾಯಿಲೆಯಿಂದ ಬಂದದ್ದಾದರೆ ದಾರಿ ಬೇರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆ ಬೇಕೇ ಬೇಕು, ಅವರು ಒಪ್ಪುತ್ತಿಲ್ಲ ಎಂದಾಗ 2017ರ ಕಾಯ್ದೆಯ 89ನೇ ಸೆಕ್ಷನ್ ಇದೆ. ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ನೋಡಬೇಕು. ತಮಗೇ ಅಪಾಯ ಮಾಡಿಕೊಳ್ಳುವುದು, ಬೇರೆಯವರ ಮೇಲೆ ಹಿಂಸೆ, ತಮ್ಮನ್ನು ನೋಡಿಕೊಳ್ಳಲು ಆಗದಿರುವುದು, ಇಂಥ ಕಾರಣ ಇರಬೇಕು. ದಾಖಲಾತಿ 30 ದಿನದವರೆಗೆ. ಮುಂದುವರಿಸಲು ಮತ್ತೆ ಬೇರೆ ಕ್ರಮ ಇದೆ. "ಹುಚ್ಚು ಎಂದು ಸಹಿ ಹಾಕಿ ಒಳಗೆ ತಳ್ಳಿದರು" ಎಂಬ ಕಾಲ ಹೋಯಿತು. ಆಸ್ತಿಗಾಗಿ ಇದನ್ನು ಬಳಸಲು ಹೊರಟವರು ಸಿಕ್ಕಿಬೀಳುತ್ತಾರೆ.

ಹೆಜ್ಜೆ 8: ಒಡಹುಟ್ಟಿದವರನ್ನು ಎಳೆದು ತನ್ನಿ

ಒಬ್ಬರೇ ಹೊತ್ತರೆ ಸಿಟ್ಟು ಹೊರಬರುವುದು ಹಿರಿಯರ ಮೇಲೆ. ಆದ್ದರಿಂದ ಇದು ಬರೀ ದುಡ್ಡಿನ ಮಾತಲ್ಲ. ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ತಿಂಗಳಿಗೆ ಯಾರು ಎಷ್ಟು, ವರ್ಷದಲ್ಲಿ ಯಾರ ಮನೆಯಲ್ಲಿ ಎಷ್ಟು ದಿನ, ಆಸ್ಪತ್ರೆ ಖರ್ಚು ಬಂದರೆ ಹೇಗೆ. ಸಹಿ ಹಾಕಿಸಿ. ಒಪ್ಪದಿದ್ದರೆ ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಬರದಿದ್ದರೂ ಅದೇ ಒಂದು ದಾಖಲೆ.

ಹಿರಿಯರು ನಿಮ್ಮೊಬ್ಬರ ಮೇಲೇ ಜೀವನಾಂಶದ ಅರ್ಜಿ ಹಾಕಿದರೆ, ಹೊಣೆ ಇರುವ ಉಳಿದವರನ್ನೂ ಸೇರಿಸಿಕೊಳ್ಳಲು ನೀವು ಕೇಳಬಹುದು. 2007ರ ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಈ ಅವಕಾಶ ಇದೆ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಕಾಯ್ದೆ ಅನ್ವಯಿಸುತ್ತದೆ. ಅಮೆರಿಕದಲ್ಲಿರುವ ಅಣ್ಣ ವೀಡಿಯೊ ಕಾಲ್‌ನಲ್ಲಿ ಬುದ್ಧಿ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಹೆಜ್ಜೆ 9: ಎಸಿ ಕಚೇರಿಯಿಂದ ನೋಟಿಸ್ ಬಂದರೆ

ಗಾಬರಿ ಬೇಡ. ನಿರ್ಲಕ್ಷ್ಯವೂ ಬೇಡ. ಟ್ರಿಬ್ಯೂನಲ್ ಅಧ್ಯಕ್ಷರು ಉಪವಿಭಾಗಾಧಿಕಾರಿ, ಅಂದರೆ ಅಸಿಸ್ಟೆಂಟ್ ಕಮಿಷನರ್. ಹಿರಿಯರೇ ಅರ್ಜಿ ಕೊಡಬಹುದು, ಅವರ ಪರವಾಗಿ ಬೇರೆಯವರು ಅಥವಾ ಸಂಸ್ಥೆ ಕೊಡಬಹುದು, ಟ್ರಿಬ್ಯೂನಲ್ ತಾನೇ ಕೇಸು ಎತ್ತಿಕೊಳ್ಳಲೂಬಹುದು. ನೋಟಿಸ್ ತಲುಪಿದ 90 ದಿನದಲ್ಲಿ ಮುಗಿಸಬೇಕು ಎಂಬುದು ನಿಯಮ, ವಿಶೇಷ ಕಾರಣ ಇದ್ದರೆ ಇನ್ನೂ 30 ದಿನ.

ಮೊದಲು ರಾಜಿ ಅಧಿಕಾರಿಯ ಹತ್ತಿರ ಕಳಿಸಬಹುದು. ಅಲ್ಲೇ ಮುಗಿಯುವುದಾದರೆ ಮುಗಿಸಿಕೊಳ್ಳಿ. ನನ್ನ ಪರಿಚಯದ ಮನೆಯೊಂದರಲ್ಲಿ ಅಪ್ಪ ಅರ್ಜಿಯಲ್ಲಿ ಹತ್ತು ಆರೋಪ ಬರೆದಿದ್ದರು. ರಾಜಿ ಮಾತಿನಲ್ಲಿ ನಿಜವಾಗಿ ಬೇಕಿದ್ದದ್ದು ತನ್ನ ಪಾಸ್‌ಬುಕ್ ತನ್ನ ಕೈಯಲ್ಲಿರುವುದು ಮತ್ತು ವಾರಕ್ಕೊಮ್ಮೆ ಸ್ನೇಹಿತರ ಮನೆಗೆ ಹೋಗಲು ಆಟೋ, ಅಷ್ಟೇ.

ಹೋಗುವಾಗ ಫೈಲ್, ನೋಟ್‌ಬುಕ್, ಔಷಧಿ ಬಿಲ್, ನಿಮ್ಮ ಸಂಬಳದ ಚೀಟಿ, ಸಾಲದ ಕಂತಿನ ವಿವರ ತೆಗೆದುಕೊಂಡು ಹೋಗಿ. ಹಿರಿಯರ ಬಗ್ಗೆ ಅಲ್ಲಿ ಕಹಿಯಾಗಿ ಮಾತಾಡಬೇಡಿ. ಅಧಿಕಾರಿ ನೋಡುತ್ತಿರುವುದು ನಿಮ್ಮ ದನಿಯನ್ನೂ ಕೂಡ. ಕಾಯ್ದೆಯ 17ನೇ ಸೆಕ್ಷನ್ ವಕೀಲರು ಬರುವಂತಿಲ್ಲ ಎನ್ನುತ್ತದೆ. ಕೇರಳ, ದೆಹಲಿ ಹೈಕೋರ್ಟ್‌ಗಳು ಇದನ್ನು ಒಪ್ಪಿಲ್ಲ. ಉಚಿತ ಕಾನೂನು ಸಲಹೆಗೆ 15100 ಇದೆ. ಮಹಿಳೆಯರಿಗೆ ಆದಾಯ ನೋಡದೆ ಕಾನೂನು ನೆರವು ಸಿಗುತ್ತದೆ.

ಆದೇಶ ಬಂದರೆ 30 ದಿನದಲ್ಲಿ ಹಣ ಕಟ್ಟಬೇಕು. ಬಡ್ಡಿ 5ರಿಂದ 18 ಶೇಕಡಾವರೆಗೆ ಹಾಕಬಹುದು. ಸುಮ್ಮನೆ ಕಟ್ಟದೆ ಕೂತರೆ ಒಂದು ತಿಂಗಳವರೆಗೆ ಜೈಲೂ ಇದೆ. ಹಿರಿಯರಿಗೆ ಆದೇಶ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಯ ಹತ್ತಿರ ಮೇಲ್ಮನವಿ. ಮಕ್ಕಳ ಮೇಲ್ಮನವಿ ಬಗ್ಗೆ ಕಾಯ್ದೆಯಲ್ಲಿ ಮಾತಿಲ್ಲ. ಹಾಗಾಗಿ ಆದೇಶ ಬಂದ ಕೂಡಲೇ ವಕೀಲರನ್ನು ಕಾಣಿ.

ವೃದ್ಧಾಶ್ರಮದ ಬಗ್ಗೆ ಎರಡು ಮಾತು

ಸೇರಿಸುವುದು ಅಪರಾಧ ಅಲ್ಲ. ಒಪ್ಪಿಗೆ ಇಲ್ಲದೆ ಎಳೆದುಕೊಂಡು ಹೋಗುವುದು, ಸೇರಿಸಿ ಫೀಸು ಕಟ್ಟದೆ ಮಾಯವಾಗುವುದು ಅಪರಾಧದ ದಾರಿ. ಮೊದಲು ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ. ರಾತ್ರಿ ಯಾರಿರುತ್ತಾರೆ, ಡಿಮೆನ್ಷಿಯಾ ಇದ್ದವರನ್ನು ಇಟ್ಟುಕೊಳ್ಳುತ್ತಾರಾ, ಕಟ್ಟಿಹಾಕುತ್ತಾರಾ ಎಂದು ಕೇಳಿ. ಕೊನೆಯ ಪ್ರಶ್ನೆ ಕೇಳಲು ಮುಜುಗರ ಪಡಬೇಡಿ.

ಅವರು ತೀರಿಕೊಂಡ ಮೇಲೆ

ಸಾವಿನ ದಿನದಿಂದ ಅವರ ಎಟಿಎಂ ಕಾರ್ಡ್ ಮುಟ್ಟಬೇಡಿ, ಅಂತ್ಯಕ್ರಿಯೆಯ ಖರ್ಚಿಗೂ ಬೇಡ. ಪಿಂಚಣಿ ಬರುವ ಬ್ಯಾಂಕಿಗೆ ಬೇಗ ತಿಳಿಸಿ. ಹೆಚ್ಚಾಗಿ ಜಮೆಯಾದ ಪಿಂಚಣಿ ವಾಪಸ್ ಹೋಗಬೇಕು. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಮಾತ್ರ, ಅದು ಸೇರಬೇಕಾದದ್ದು ವಾರಸುದಾರರಿಗೆ.

ದೊಡ್ಡಪ್ಪ ಹೋದ ಹದಿನಾಲ್ಕನೇ ದಿನ ಸೋದರತ್ತೆಯ ಮಗ ಹಾಲ್‌ನಲ್ಲಿ ಕೂತು, "ದೊಡ್ಡ ಮಾವನ ಪಿಂಚಣಿ ಎಲ್ಲ ಏನಾಯ್ತು?" ಎಂದ. ನಾನು ಏನೂ ಹೇಳಲಿಲ್ಲ. ಬೀರುವಿನಿಂದ ನಾಲ್ಕು ನೋಟ್‌ಬುಕ್ ತಂದು ಅವನ ಮುಂದೆ ಇಟ್ಟೆ. ಅವನು ಎರಡನೆಯದರ ಅರ್ಧದವರೆಗೆ ಓದಿದ. ಆಮೇಲೆ ಮುಚ್ಚಿಟ್ಟು, "ಕಾಫಿ ಇದೆಯಾ?" ಎಂದು ಕೇಳಿದ.